ಎಂಟು ದಿನ ಕಾದ ತೋಮ



ಹೋದ ಭಾನುವಾರ ಪುನರುತ್ಥಾನದ ಹಬ್ಬದ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಯೌವನಸ್ಥರ ನಡುವೆ ಒಂದು ವಾದ ಎದ್ದಿತು. ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಿದ್ದ. ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ, ಅಮೆರಿಕದವರು ಸ್ಟುಡಿಯೊದಲ್ಲಿ ಸಿನಿಮಾ ತೆಗೆದು ಲೋಕಕ್ಕೆ ಮಂಕುಬೂದಿ ಎರಚಿದರು ಎಂದು ಅದರಲ್ಲಿ ಹೇಳಿತ್ತು. ಒಬ್ಬಳು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಆ ಹುಡುಗ ನನ್ನ ಕಡೆ ತಿರುಗಿ, "ಅಯ್ಯನವರೇ, ನೀವೇ ಹೇಳಿ" ಅಂದ. ನಾನು, "ಯಾರು ಕಂಡಿದ್ದಾರೆ ಬಿಡಪ್ಪಾ" ಎಂದು ಹೇಳಿ ಮನೆಗೆ ಹೊರಟೆ.

ಆ ಮಾತು ತಪ್ಪು. ಕಂಡವರಿದ್ದಾರೆ. ವಾರವಿಡೀ ಅದು ನನ್ನನ್ನು ಕಾಡಿದೆ. ಇವತ್ತು ಸಭೆಯ ಮುಂದೆ ನಿಂತು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಈ ದಿನದ ಪಾಠ ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ, ತೋಮನ ಪ್ರಸಂಗ. ನಾವು ಅವನನ್ನು ಅಪನಂಬಿಕೆಯವನು ಎಂದು ಕರೆದು ರೂಢಿ. ಆದರೆ ಅವನು ಮಾಡಿದ್ದನ್ನು ಗಮನಿಸಿ. ತನಗೆ ಏನು ಬೇಕೆಂದು ಅವನು ಬಿಡಿಸಿ ಹೇಳಿದ: ಮೊಳೆ ಹೊಡೆದ ಗಾಯವನ್ನು ಮುಟ್ಟಿ ನೋಡಬೇಕು. ಪೇತ್ರ ಮೋಸಗಾರ, ಯೋಹಾನ ಸುಳ್ಳುಗಾರ ಎಂದು ಊರಲ್ಲಿ ಸಾರಲಿಲ್ಲ. ಎಂಟು ದಿನ ಕಳೆದ ಮೇಲೂ ಅವನು ಅದೇ ಮನೆಯಲ್ಲಿ, ಅದೇ ಜನರ ಜೊತೆ, ಮುಚ್ಚಿದ ಬಾಗಿಲ ಒಳಗೇ ಇದ್ದ. ಕರ್ತನು ಗಾಯ ತೋರಿಸಿದಾಗ ಇನ್ನೊಂದು ಗುರುತು ಬೇಕೆಂದು ಕೇಳದೆ ಶರಣಾದ. ನಮ್ಮ ದೇಶದ ಸಭೆಗಳು ಅವನನ್ನು ತಮ್ಮ ಅಪೊಸ್ತಲನೆಂದು ನೆನೆಯುವುದು ಸುಮ್ಮನೆ ಅಲ್ಲ.

ಆದ್ದರಿಂದ ಮಗು, ನೀನು ಪ್ರಶ್ನೆ ಕೇಳಿದ್ದು ಪಾಪವಲ್ಲ. ಉತ್ತರ ಕೊಡದೆ ಹೋದದ್ದು ನನ್ನ ಪಾಪ. ಈಗ ಕೇಳು.

ಚಂದ್ರನ ಮೇಲೆ ನೆಟ್ಟ ಬಾವುಟ ಅಲುಗಾಡಿತು ಎಂದು ನೀನು ಅಂದೆ. ಅದನ್ನು ನೆಡುವಾಗ ಕೋಲನ್ನು ತಿರುಗಿಸಿ ತಿರುಗಿಸಿ ನೆಲಕ್ಕೆ ಇಳಿಸುತ್ತಿದ್ದರು. ಬಟ್ಟೆ ಬಿಚ್ಚಿಕೊಂಡಿರಲೆಂದು ಮೇಲಂಚಿಗೆ ಅಡ್ಡಕಡ್ಡಿ ಇತ್ತು, ಮಡಚಿಟ್ಟ ಸುಕ್ಕು ಹಾಗೇ ಉಳಿದಿತ್ತು. ಅಲುಗಾಟವನ್ನು ತಡೆಯಲು ಅಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಇಲ್ಲಿಗಿಂತ ಹೆಚ್ಚು ಹೊತ್ತು ಅಲುಗಿತು. ಅಲ್ಲಿಯ ಚಿತ್ರಗಳ ಆಕಾಶದಲ್ಲಿ ನಕ್ಷತ್ರ ಇಲ್ಲ ಎಂದು ನೀನು ಅಂದೆ. ಕ್ರಿಸ್ಮಸ್ ರಾತ್ರಿ ದೀಪ ಹಾಕಿದ ನಮ್ಮ ದೇವಾಲಯದ ಫೋಟೊ ನಿನ್ನ ಮೊಬೈಲಿನಲ್ಲೇ ಇರಬೇಕು, ತೆಗೆದು ನೋಡು. ನಾವು ಕಟ್ಟಿದ ಕಾಗದದ ನಕ್ಷತ್ರ ಬಿಟ್ಟರೆ ಆಕಾಶದ್ದು ಒಂದಾದರೂ ಬಿದ್ದಿದೆಯೇ? ಅವರು ಇಳಿದದ್ದು ಚಂದ್ರನ ಹಗಲಿನಲ್ಲಿ, ಬಿಸಿಲು ಬಿದ್ದ ನೆಲದ ಮೇಲೆ. ಕ್ಯಾಮೆರಾ ಆ ಬೆಳಕಿಗೆ ಹೊಂದಿಸಿದ್ದು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ನಾಟಿದ್ದು ಧೂಳು. ಕೊನೆಯ ಮೂರು ಯಾತ್ರೆಗಳಲ್ಲಿ ಅವರು ಒಂದು ಸಣ್ಣ ಗಾಡಿ ಒಯ್ದಿದ್ದರು. ಅದು ಓಡುವ ಚಿತ್ರವನ್ನು ಈ ವಾರ ಮತ್ತೆ ಮತ್ತೆ ನೋಡಿದೆ. ಬೇಸಿಗೆಯಲ್ಲಿ ನಮ್ಮ ಮಣ್ಣು ರಸ್ತೆಯಲ್ಲಿ ಬಸ್ಸು ಹೋದರೆ ಧೂಳು ಎಷ್ಟು ಹೊತ್ತು ತೇಲುತ್ತದೆ, ನಿಮಗೆ ಗೊತ್ತು. ಅಲ್ಲಿ ಚಕ್ರದಿಂದ ಚಿಮ್ಮಿದ ಧೂಳು ಎಸೆದ ಕಲ್ಲಿನ ಹಾಗೆ ಬಾಗಿ ಮೇಲೇರಿ, ಹಾಗೇ ಬಾಗಿ ನೆಲಕ್ಕೆ ಬೀಳುತ್ತದೆ. ಒಂದು ಕಣವೂ ತೇಲುವುದಿಲ್ಲ. ಅಷ್ಟು ಬಯಲಿನಿಂದ ಗಾಳಿಯನ್ನು ಹೀರಿ ತೆಗೆಯುವ ಸ್ಟುಡಿಯೊ ಎಲ್ಲಿತ್ತು?

1969ರಿಂದ 1972ರವರೆಗೆ ಅಪೊಲೊ ಯಾತ್ರೆಗಳಲ್ಲಿ ಆರು ಸಲ ಇಳಿದರು, 12 ಮಂದಿ ಅಲ್ಲಿ ನಡೆದರು, 382 ಕಿಲೊ ಕಲ್ಲು ಮಣ್ಣು ತಂದರು. ನಮ್ಮ ದೇಶದ ವಿಜ್ಞಾನಿ ದೇವೇಂದ್ರ ಲಾಲ್ ಮತ್ತು ಸಂಗಡಿಗರೂ ಅದನ್ನು ಪರೀಕ್ಷಿಸಿದವರೇ. ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಇವತ್ತೂ ಭೂಮಿಯಿಂದ ಲೇಸರ್ ಬೆಳಕು ಬಿಡುತ್ತಾರೆ, ಸುಮಾರು ಎರಡೂವರೆ ಸೆಕೆಂಡಿನಲ್ಲಿ ಅದು ಮರಳಿ ಬರುತ್ತದೆ. ಬೆಂಗಳೂರಿನ ಇಸ್ರೊ ಕಳಿಸಿದ ಚಂದ್ರಯಾನ-2ರ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಾವೂ ಕಂಡದ್ದು ಪರದೆಯ ಮೇಲಿನ ಒಂದು ಗೆರೆಯನ್ನು. ಆದರೂ ನಂಬಿ ಚಪ್ಪಾಳೆ ತಟ್ಟಿದೆವು. ಏಕೆ? ಅದಕ್ಕೆ ದುಡಿದವರು ನಮ್ಮವರು, ಅವರು ಸುಳ್ಳು ಹೇಳುವವರಲ್ಲ ಎಂದು ಬಲ್ಲೆವು.

ಪ್ರಿಯರೇ, ನನ್ನ ಹೃದಯದ ಭಾರ ಇಲ್ಲಿದೆ. ಅಪೊಲೊ ಕೆಲಸದಲ್ಲಿ ಸುಮಾರು 4 ಲಕ್ಷ ಜನ ದುಡಿದರು. ಅವರಲ್ಲಿ ಡೆಲವೇರ್ ರಾಜ್ಯದ ಡೋವರ್ ಎಂಬ ಊರಿನ ಹೊಲಿಗೆಯ ಹೆಂಗಸರಿದ್ದರು. ಅದಕ್ಕೆ ಮುಂಚೆ ಅವರು ದುಡಿಯುತ್ತಿದ್ದ ಕಂಪನಿ ಹೆಂಗಸರ ಒಳಉಡುಪು ತಯಾರಿಸುತ್ತಿತ್ತು. ಚಂದ್ರನಲ್ಲಿ ತೊಡುವ ಉಡುಪಿಗೆ ಪದರದ ಮೇಲೆ ಪದರ ಹಾಕಿ ಅವರು ಹೊಲಿದರು. ಹೊಲಿಗೆ ಒಂದು ಮಿಲಿಮೀಟರ್ ಕೂಡ ಸರಿಯುವಂತಿರಲಿಲ್ಲ. ಮರೆತ ಗುಂಡುಸೂಜಿ ಒಳಗೆ ಉಳಿದಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುತ್ತಿದ್ದರು. ಒಂದು ಸೂಜಿ ಉಳಿದರೆ ಒಂದು ಪ್ರಾಣ ಹೋದೀತು. ನಮ್ಮ ಸಭೆಯಲ್ಲೂ ಹೊಲಿಗೆ ಯಂತ್ರದ ಮೇಲೆ ಬೆನ್ನು ಬಗ್ಗಿಸಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದೀರಿ. ನಿಮ್ಮ ದುಡಿಮೆಯನ್ನು ಯಾರಾದರೂ, ಇವಳು ಹೊಲಿದೇ ಇಲ್ಲ, ಎಲ್ಲ ನಾಟಕ ಅಂದರೆ ಹೇಗಾಗುತ್ತದೆ? 1967ರ ಜನವರಿ 27ರಂದು ನೆಲದ ಮೇಲಿನ ಪರೀಕ್ಷೆಯಲ್ಲೇ ಬೆಂಕಿ ಹೊತ್ತಿ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ತೀರಿಕೊಂಡರು. ಅವರ ಮನೆಯವರಿಗೂ ನಾಟಕ ಎಂದೇ ಹೇಳೋಣವೇ?

ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಎಂದು ತಿಳಿದಿದ್ದೇವೆ. ಪರಿಶೀಲಿಸದೆ ಒಂದು ವಿಡಿಯೊವನ್ನು ನೂರು ಜನರಿಗೆ ಕಳಿಸುವುದೂ, "ಯಾರು ಕಂಡಿದ್ದಾರೆ" ಎಂದು ನನ್ನಂಥವನು ಜಾರಿಕೊಳ್ಳುವುದೂ ಅದೇ ಆಜ್ಞೆಯ ಕೆಳಗೆ ಬರುತ್ತವೆ. ಕಾಣದೆ ನಂಬಿದವರನ್ನು ಕರ್ತನು ಧನ್ಯರೆಂದನಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ನಾವು ಕಾಣದೆ ನಂಬಿದ್ದು ಕಂಡವರ ಮಾತಿನ ಮೇಲೆ. ಬರಿದಾದ ಸಮಾಧಿಯ ಸುದ್ದಿ ತಂದ ಹೆಂಗಸರ ಮಾತನ್ನು ಶಿಷ್ಯರೇ ಮೊದಲು ಹರಟೆ ಎಂದು ತಳ್ಳಿದ್ದರು. ಸಾಕ್ಷಿಗಳ ಬಾಯಿಂದ ಬದುಕುವ ಸಭೆ ಬೇರೆ ಸಾಕ್ಷಿಗಳನ್ನು ಅಷ್ಟು ಅಗ್ಗವಾಗಿ ತಳ್ಳಬಾರದು.

2002ರಲ್ಲಿ ಬಝ್ ಆಲ್ಡ್ರಿನ್ ಅವರಿಗೆ 72 ವರ್ಷ. ಚಂದ್ರನ ಮೇಲೆ ಕಾಲಿಟ್ಟ ಎರಡನೆಯ ಮನುಷ್ಯ ಅವರು. ಬೆವರ್ಲಿ ಹಿಲ್ಸ್‌ನ ಒಂದು ಹೋಟೆಲಿನ ಹೊರಗೆ ಒಬ್ಬನು ಕ್ಯಾಮೆರಾದವರ ಜೊತೆ ಅಡ್ಡಗಟ್ಟಿ, ಬೈಬಲನ್ನು ಮುಂದೆ ಹಿಡಿದು, ಇದನ್ನು ಮುಟ್ಟಿ ಆಣೆ ಮಾಡು ಎಂದು ಪೀಡಿಸಿದ. ಹೇಡಿ, ಸುಳ್ಳುಗಾರ, ಕಳ್ಳ ಎಂದ. ಮುದುಕ ಅವನ ಮುಖಕ್ಕೆ ಗುದ್ದಿದರು. ಆ ಗುದ್ದನ್ನು ನಾನು ಸರಿ ಎನ್ನಲಾರೆ. ಆದರೆ ಆಣೆಯನ್ನೇ ಇಡಬೇಡಿರೆಂದು ಕರ್ತನು ಹೇಳಿರುವ ಆ ಗ್ರಂಥವನ್ನೇ ಆಣೆಗೆ ಚಾಚಿದ್ದು ನೆನೆದರೆ ಆ ಪೆಟ್ಟಿಗಿಂತ ಹೆಚ್ಚು ನೋವಾಗುತ್ತದೆ.

ಏಕೆಂದರೆ ಅದೇ ಆಲ್ಡ್ರಿನ್ 1969ರ ಜುಲೈ 20ರಂದು, ನೌಕೆ ಇಳಿದ ಮೇಲೆ, ಹೊರಗೆ ಕಾಲಿಡುವ ಮೊದಲು, ತಮ್ಮ ಸಭೆಯಿಂದ ತಂದ ಪುಟ್ಟ ಬೆಳ್ಳಿಯ ಪಾನಪಾತ್ರೆ ತೆಗೆದರು. ಭೂಮಿಯಲ್ಲಿ ಕೇಳುತ್ತಿದ್ದವರನ್ನು, ನೀವು ನಿಮ್ಮ ನಿಮ್ಮ ರೀತಿಯಲ್ಲಿ ಸ್ತೋತ್ರ ಸಲ್ಲಿಸಿ ಎಂದು ಬೇಡಿಕೊಂಡು ಕ್ಷಣಕಾಲ ಮೌನವಾದರು. ಆರರಲ್ಲಿ ಒಂದು ಪಾಲು ತೂಕದ ಆ ಲೋಕದಲ್ಲಿ ದ್ರಾಕ್ಷಾರಸ ನಿಧಾನವಾಗಿ ಪಾತ್ರೆಯ ಅಂಚಿಗೆ ಸುರುಳಿಯಾಗಿ ಏರಿತು. ರೊಟ್ಟಿ ತಿಂದರು, ಕುಡಿದರು. ನಾವು ಇನ್ನು ಸ್ವಲ್ಪ ಹೊತ್ತಿಗೆ ಈ ಮೇಜಿನಿಂದ ತೆಗೆದುಕೊಳ್ಳುವ ಅದೇ ಭೋಜನ.

ಒಂದು ಪ್ರಕಟಣೆ. ಮುಂದಿನ ಹುಣ್ಣಿಮೆಗೆ ಎರಡು ದಿನ ಮೊದಲು, ಸಂಜೆ ಪ್ರಾರ್ಥನೆಯಾದ ಮೇಲೆ, ಅಂಗಳದ ದೀಪ ಆರಿಸುತ್ತೇವೆ. ನಮ್ಮ ನಿವೃತ್ತ ಮೇಷ್ಟ್ರು ದುರ್ಬೀನು ತರುತ್ತಾರೆ. ನಮ್ಮ ಅಜ್ಜಿಯರು ಮೊಲ ಎಂದು ತೋರಿಸಿದ ಕಪ್ಪು ಕಲೆಗಳಲ್ಲಿ ಶಾಂತಿ ಸಾಗರ ಯಾವುದೆಂದು ಅವರು ತೋರಿಸುತ್ತಾರೆ, ಮೊದಲು ಇಳಿದದ್ದು ಅಲ್ಲಿಯೇ. ಬಾವುಟ ಕಾಣುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಭೂಮಿಯ ಮೇಲಿನ ಯಾವ ದೂರದರ್ಶಕಕ್ಕೂ ಅಷ್ಟು ಸಣ್ಣದು ಕಾಣದು. ಮಗು, ಇನ್ನೂ ಉಳಿದಿರುವ ಪ್ರಶ್ನೆಗಳನ್ನು ಬರೆದುಕೊಂಡು ಬಾ. ನಾನು ಮನೆಗೆ ಹೊರಡುವುದಿಲ್ಲ.