ಕ್ಷಮೆ ಯಾರು ಕೇಳಬೇಕು?

ಸಾವಿನ ಮನೆಗೆ ಹೋದಾಗ ಮಾತು ಕಡಿಮೆಯಿರಲಿ, ಕೈಗೆಲಸ ಹೆಚ್ಚಿರಲಿ ಎಂಬುದು ಹೆಂಗಸರಾದ ನಮಗೆ ಹಿರಿಯರು ಕಲಿಸಿದ ಪಾಠ. ಇಡೀ ದೇಶವೇ ಸಾವಿನ ಮನೆಯಾದಾಗ?

ಆಫ್ರಿಕದ ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ನ್ಯಾಮಾಟಾದ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಮಂದಿ ಅಲ್ಲಿಯೇ ಹತರಾದರು. ಕೊಂದವರೂ ಸತ್ತವರೂ ಹೆಚ್ಚಿನಂಶ ಒಂದೇ ಶಿಲುಬೆಗೆ ಕೈಮುಗಿದವರು.

ಇಂಥ ನೆಲಕ್ಕೆ 2005ರ ನಂತರ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಸ್ವಯಂಸೇವಕರು ತಂಡತಂಡವಾಗಿ ಬಂದರು. ಹೀಗೆ ದೂರದಿಂದ ಬರುವವರ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ತಾಯಿಗೆ "ಕ್ಷಮಿಸಿಬಿಡಮ್ಮ" ಎನ್ನುವ ಅಧಿಕಾರ ಅತಿಥಿಗೆಲ್ಲಿಯದು? ಹೇಳಿದವರು ವಿಮಾನ ಹತ್ತುತ್ತಾರೆ. ಶಿಕ್ಷೆ ಮುಗಿಸಿ ಊರಿಗೆ ಮರಳಿದವನ ಅಂಗಳದ ಮುಂದೆಯೇ ನೀರಿಗೆ ಹೋಗಬೇಕಾದವಳು ಅವಳು.

ಹಾಗೆಂದು ಕ್ಷಮೆ ಬೇಡವೆ? ಬೇಕು. ದ್ವೇಷ ಉಣ್ಣಿಸಿ ಉಳಿದ ಮಕ್ಕಳನ್ನು ಬೆಳೆಸಲಾಗದು. ಆದರೆ ಶಾಲೆಯಲ್ಲಿ ಜಗಳವಾದಾಗ ನಾವು ಟೀಚರುಗಳು "ತಪ್ಪಾಯ್ತು ಅನ್ನು" ಎಂದು ಮೊದಲು ಹೇಳುವುದು ಹೊಡೆದವನಿಗಲ್ಲವೆ? 2017ರಲ್ಲಿ ಪೋಪ್ ಫ್ರಾನ್ಸಿಸ್ ರುವಾಂಡಾದ ವಿಷಯದಲ್ಲಿ ಚರ್ಚಿನ ಹಾಗೂ ಚರ್ಚಿನವರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಸರಿಯಾದ ಕ್ರಮ ಅದು.

ಹಾಗಾದರೆ ಅತಿಥಿಗೇನು ಕೆಲಸ? ಪಶ್ಚಿಮ ರುವಾಂಡಾದಲ್ಲಿ ಅದೇ ಸ್ವಯಂಸೇವಕರು ಅಲ್ಲಿನ ಚರ್ಚುಗಳವರಿಗೆ ಆರೋಗ್ಯ ಸೇವೆಯ ತರಬೇತಿ ಕೊಟ್ಟರು; ಕಲಿತವರು ನೆರೆಹೊರೆಯ ಮನೆಗಳಿಗೆ ಹೋಗಿ ಕಲಿಸಿದರು. ಬಂದವರು ಹೋದ ಮೇಲೂ ಉಳಿಯುವುದೇ ಸೇವೆ. ಕ್ಷಮೆಯನ್ನು ಮಾತ್ರ ಆ ತಾಯಿಯ ಇಷ್ಟಕ್ಕೆ, ಅವಳ ಕಾಲಕ್ಕೆ ಬಿಡೋಣ. ಅವಳು ಕೊಡದೆಹೋದರೂ ಅವಳ ಮೇಲೆ ದೋಷ ಹೊರಿಸುವುದು ಬೇಡ.