ತಟಸ್ಥನ ತೀರ್ಪಿಗೆ ಬೇಕಾದ ಅರ್ಹತೆ

ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಟಿವಿಯಲ್ಲಿ ಎದುರುಬದುರಾಗಿ ವಾದಿಸುವ ಪದ್ಧತಿ ಆರಂಭವಾದದ್ದು 1960ರ ಸೆಪ್ಟೆಂಬರ್ 26ರಂದು, ಷಿಕಾಗೊದ ಒಂದು ಸ್ಟುಡಿಯೊದಲ್ಲಿ. ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ನಡುವಿನ ಆ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ಅಂದಿನಿಂದಲೂ ಚರ್ಚೆ ಮುಗಿದ ಕೂಡಲೇ ಏಳುವ ಪ್ರಶ್ನೆ ಒಂದೇ: ಗೆದ್ದವರು ಯಾರು? ಎರಡೂ ಪಕ್ಷಗಳ ಬೆಂಬಲಿಗರ ಉತ್ತರ ಮೊದಲೇ ಗೊತ್ತಿರುವುದರಿಂದ ಎಲ್ಲರೂ ಕಿವಿಗೊಡುವುದು ಯಾವ ಪಕ್ಷಕ್ಕೂ ಸೇರದ ಸ್ವತಂತ್ರ ಮತದಾರನ ಮಾತಿಗೆ. ಆ ಮಾತಿಗೆ ಸಿಗುವ ವಿಶೇಷ ತೂಕ ನ್ಯಾಯವಾದುದೇ? ಪಕ್ಷಕ್ಕೆ ಸೇರದಿರುವುದೂ ನಿಷ್ಪಕ್ಷಪಾತವೂ ಒಂದೇ ಏನು? ಇವು ಚುನಾವಣಾ ಲೆಕ್ಕಾಚಾರದ ಆಚೆಗಿನ ಪ್ರಶ್ನೆಗಳು. ಸರಿಯಾದ ತೀರ್ಪು ಹುಟ್ಟುವುದು ಹೇಗೆ ಎಂಬ ಹಳೆಯ ತಾತ್ವಿಕ ಜಿಜ್ಞಾಸೆಗೆ ಸೇರಿದವು.

ಗ್ಯಾಲಪ್ ಸಮೀಕ್ಷೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಶೇ 40ಕ್ಕೂ ಹೆಚ್ಚು ಅಮೆರಿಕನ್ನರು ತಮ್ಮನ್ನು ಸ್ವತಂತ್ರರೆಂದು ಕರೆದುಕೊಂಡಿದ್ದಾರೆ. ಆದರೆ ಒಲವು ಯಾವ ಕಡೆಗೆ ಎಂದು ಮತ್ತೊಮ್ಮೆ ಕೇಳಿದರೆ ಅವರಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಅಥವಾ ರಿಪಬ್ಲಿಕನ್ ಪಕ್ಷದ ಹೆಸರು ಹೇಳುತ್ತಾರೆ, ಮತವನ್ನೂ ಬಹುಮಟ್ಟಿಗೆ ಆ ಪಕ್ಷಕ್ಕೇ ಹಾಕುತ್ತಾರೆ. 1992ರಲ್ಲಿ ಪ್ರಕಟವಾದ 'ದಿ ಮಿತ್ ಆಫ್ ದಿ ಇಂಡಿಪೆಂಡೆಂಟ್ ವೋಟರ್' ಎಂಬ ಅಧ್ಯಯನಗ್ರಂಥ ಎತ್ತಿ ತೋರಿಸಿದ್ದು ಇದನ್ನೇ. ಉಳಿಯುವ ಚಿಕ್ಕ ಗುಂಪಿನಲ್ಲೂ ರಾಜಕೀಯದ ಗೊಡವೆಯೇ ಬೇಡವೆಂದು ದೂರ ನಿಂತವರಿದ್ದಾರೆ. ಎರಡೂ ಕಡೆಯ ಮಾತನ್ನು ಅಳೆದು ತೂಗುವವರೆಗೆ ತೀರ್ಮಾನವನ್ನು ತಡೆದಿಟ್ಟುಕೊಂಡವರು ಸಿಗುವುದು ಅಪರೂಪ. ಒಳಗಿನ ಒಲವು, ಅನಾಸಕ್ತಿ, ವಿವೇಚನೆ ಈ ಮೂರಕ್ಕೂ ಹೊರಗಿನ ಗುರುತು ಒಂದೇ. ಆದರೆ ಸಂಯಮ ಎನ್ನಿಸಿಕೊಳ್ಳುವ ಯೋಗ್ಯತೆ ಮೂರನೆಯದಕ್ಕೆ ಮಾತ್ರ ಇದೆ.

ವಾದ ನಡೆಯುವ ಬಗೆಯನ್ನೂ ಅದಕ್ಕೆ ತೀರ್ಪು ಕೊಡುವವರ ಲಕ್ಷಣವನ್ನೂ ಭಾರತದ ಶಾಸ್ತ್ರಕಾರರು ಬಹಳ ಹಿಂದೆಯೇ ವಿಂಗಡಿಸಿದ್ದರು. ಗೌತಮನ ನ್ಯಾಯಸೂತ್ರಗಳ ಪ್ರಕಾರ ಚರ್ಚೆಯಲ್ಲಿ ಮೂರು ಬಗೆ. ಸತ್ಯ ತಿಳಿಯಬೇಕೆಂಬ ಇಬ್ಬರು ನಡೆಸುವುದು ವಾದ. ಗೆಲ್ಲಬೇಕೆಂದು ನಡೆಸುವುದು ಜಲ್ಪ. ಅಲ್ಲಿ ಮಾತಿನ ವರಸೆ, ಕುಯುಕ್ತಿಗಳಿಗೂ ಜಾಗವಿದೆ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಬರೀ ಕೆಡವುವುದು ವಿತಂಡ. ವಾದದಲ್ಲಿ ಎದುರಿನವರ ಮಾತು ಸರಿಯೆಂದು ಒಪ್ಪಿಕೊಂಡರೆ ಇಬ್ಬರಿಗೂ ಲಾಭ. ಟಿವಿ ವೇದಿಕೆಯ ಮೇಲೆ ಹಾಗೆ ಒಪ್ಪಿಕೊಂಡವನ ಕತೆ ಅಂದಿಗೇ ಮುಗಿಯಿತು. ಆದ್ದರಿಂದ ಅಧ್ಯಕ್ಷೀಯ ಚರ್ಚೆ ತನ್ನ ಸ್ವರೂಪದಲ್ಲೇ ಜಲ್ಪ. ಕೆಟ್ಟ ರಾತ್ರಿಗಳಲ್ಲಿ ಅದು ವಿತಂಡಕ್ಕೆ ಇಳಿಯುತ್ತದೆ. 2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡಿನಲ್ಲಿ ಟ್ರಂಪ್ ಮತ್ತು ಬೈಡನ್ ನಡುವೆ ಒಂದು ಮಾತೂ ಪೂರ್ತಿಯಾಗದಂತೆ ನಡೆದ ಚರ್ಚೆ ಇದಕ್ಕೆ ಸಾಕ್ಷಿ. ನ್ಯಾಯಸೂತ್ರ ಜಲ್ಪವನ್ನು ತಳ್ಳಿಹಾಕುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮೊಳಕೆಯನ್ನು ಕಾಯುವ ಮುಳ್ಳುಬೇಲಿಯಂತೆ ಅದು ಸತ್ಯವನ್ನು ಕಾಯುತ್ತದೆ ಎನ್ನುತ್ತದೆ. ಆದರೆ ಮೊಳಕೆ ಬೇಲಿಯಿಂದ ಹುಟ್ಟುವುದಿಲ್ಲ. ತೊಂಬತ್ತು ನಿಮಿಷದ ಚರ್ಚೆಯಿಂದಲೇ ಸತ್ಯ ಸಿಕ್ಕೀತೆಂದು ಕುಳಿತ ಮತದಾರ ಬೇಲಿಯಿಂದ ಬೆಳೆಯನ್ನು ನಿರೀಕ್ಷಿಸುತ್ತಾನೆ.

ತೀರ್ಪುಗಾರನ ವಿಷಯದಲ್ಲಿ ಹೆಚ್ಚು ಖಚಿತವಾದ ಮಾತು 13ನೆಯ ಶತಮಾನದ ಉಡುಪಿಯಲ್ಲಿ ಸಿಗುತ್ತದೆ. ಚರ್ಚೆಯ ನಿಯಮಗಳಿಗಾಗಿಯೇ ಮಧ್ವಾಚಾರ್ಯರು ರಚಿಸಿದ ಕಿರುಗ್ರಂಥ 'ಕಥಾಲಕ್ಷಣ'. ತೀರ್ಪು ನೀಡುವ ಪ್ರಾಶ್ನಿಕರಿಗೆ ಅದು ಎರಡು ಅರ್ಹತೆಗಳನ್ನು ವಿಧಿಸುತ್ತದೆ: ಅವರಲ್ಲಿ ರಾಗದ್ವೇಷ ಇರಬಾರದು, ಅವರು ವಿದ್ಯೆಗಳಲ್ಲಿ ಪಳಗಿದವರಾಗಿರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು. ಸ್ವತಂತ್ರ ಮತದಾರನನ್ನು ಮೆಚ್ಚುವ ಟಿವಿ ವಾಹಿನಿಗಳು ಮೊದಲನೆಯದನ್ನಷ್ಟೇ ಕೇಳುತ್ತವೆ, ಅದನ್ನೂ ಪೂರ್ತಿಯಾಗಿ ಪರೀಕ್ಷಿಸುವುದಿಲ್ಲ. ಇಬ್ಬರೂ ಅಭ್ಯರ್ಥಿಗಳ ಮೇಲೆ ಒಂದೇ ಸಮನೆ ಸಿಟ್ಟಿರುವ ಮತದಾರರು 2024ರಲ್ಲಿ ಬಹಳ ಸುದ್ದಿಯಲ್ಲಿದ್ದರು. ಅವರಲ್ಲಿ ರಾಗ ಇರಲಿಲ್ಲ, ದ್ವೇಷ ಎರಡು ಪಾಲಿತ್ತು. ಅಂಥ ಮನಸ್ಸನ್ನು ತಟಸ್ಥ ಎನ್ನಲು ಮಧ್ವರ ಲಕ್ಷಣ ಒಪ್ಪುವುದಿಲ್ಲ.

ಎರಡನೆಯ ಅರ್ಹತೆ ಇಲ್ಲದಿದ್ದರೆ ಆಗುವುದೇನು ಎಂಬುದನ್ನು ಇದಕ್ಕೂ ಬಹಳ ಹಿಂದಿನ ಚರಕಸಂಹಿತೆ ಹೇಳಿದೆ. ವೈದ್ಯರ ವಾದಸಭೆಗಳನ್ನು ವರ್ಣಿಸುತ್ತ ಅದು ಸಭೆಯನ್ನು ತಿಳಿದವರ ಸಭೆ, ತಿಳಿಯದವರ ಸಭೆ ಎಂದು ವಿಭಾಗಿಸುತ್ತದೆ. ಪ್ರತಿಯೊಂದರಲ್ಲೂ ಸ್ನೇಹದ, ಉದಾಸೀನದ, ವಿರೋಧದ ಸಭೆಗಳಿವೆ. ತಿಳಿಯದವರ ಸಭೆ ಸ್ನೇಹದ್ದಾಗಲಿ ಉದಾಸೀನವಾಗಲಿ, ಅಲ್ಲಿ ಜ್ಞಾನವಿಲ್ಲದವನೂ ಜಲ್ಪಕ್ಕೆ ಇಳಿಯಬಹುದು ಎನ್ನುವುದು ಚರಕನ ಸಲಹೆ. ವೈದ್ಯನಿಗೆ ಇದು ಗೆಲ್ಲುವ ಉಪಾಯ, ಮತದಾರನಿಗೆ ಎಚ್ಚರಿಕೆ. ವಿಷಯ ತಿಳಿಯದ ತಟಸ್ಥ ಸಭಿಕನೂ ಮಾತುಗಾರನಿಗೆ ಸುಲಭದ ತುತ್ತು. ತಟಸ್ಥತೆಯೊಂದೇ ಯಾರನ್ನೂ ಕಾಪಾಡುವುದಿಲ್ಲ.

ಟಿವಿ ಈ ಅಪಾಯವನ್ನು ಹೆಚ್ಚಿಸಿದ ಬಗೆಯನ್ನು ಕೆಲವು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ. 1960ರ ಚರ್ಚೆಯ ಹೊತ್ತಿಗೆ ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದರು. ತೆರೆಯ ಮೇಲೆ ಕಳೆಗುಂದಿ, ದಣಿದು ಕಂಡರು. ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ ಅನ್ನಿಸಿತೆಂಬ ಪ್ರಸಿದ್ಧ ಮಾತಿಗೆ ಆ ಕಾಲದ ಗಟ್ಟಿ ಆಧಾರ ಕಡಿಮೆ. ಆದರೆ ರಾಜ್ಯಶಾಸ್ತ್ರಜ್ಞ ಜೇಮ್ಸ್ ಡ್ರಕ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಅದೇ ಚರ್ಚೆಯನ್ನು ಒಂದು ಗುಂಪಿಗೆ ತೋರಿಸಿ, ಇನ್ನೊಂದಕ್ಕೆ ಬರೀ ಕೇಳಿಸಿ ನೋಡಿತು. ನೋಡಿದವರು ಅಭ್ಯರ್ಥಿಯ ವ್ಯಕ್ತಿತ್ವಕ್ಕೆ ಹೆಚ್ಚು ಬೆಲೆ ಕೊಟ್ಟರು. ಕೆನಡಿ ಗೆದ್ದರೆಂದವರೂ ಅವರಲ್ಲೇ ಹೆಚ್ಚು.

1976ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲ ಎಂದರು. ಅಂದು ರಾತ್ರಿ ಕೇಳಿದಾಗ ಬಹಳ ಜನರಿಗೆ ಅದು ತಪ್ಪೆಂದು ತೋರಿರಲಿಲ್ಲ. ಪತ್ರಿಕೆಗಳೂ ಟಿವಿಯೂ ಆ ಮಾತನ್ನು ಎತ್ತಿ ಆಡಿದ ಮೇಲೆ, ಮರುದಿನದ ಹೊತ್ತಿಗೆ, ಜಿಮ್ಮಿ ಕಾರ್ಟರ್ ಸ್ಪಷ್ಟವಾಗಿ ಗೆದ್ದಿದ್ದರು. ಇಲ್ಲಿ ಮತದಾರರ ಎರಡನೆಯ ತೀರ್ಪೇ ಸತ್ಯಕ್ಕೆ ಹತ್ತಿರ, ಆದರೆ ಅದು ಅವರ ಸ್ವಂತದ್ದಲ್ಲ. ವಿಷಯ ತಿಳಿದಿದ್ದರೆ ಮೊದಲ ರಾತ್ರಿಯೇ ಅಲ್ಲಿಗೆ ತಲುಪಬಹುದಿತ್ತು.

ಇನ್ನೂ ಕಳವಳ ಹುಟ್ಟಿಸುವ ಸಂಗತಿ ಬ್ರಿಟನ್ನಿನದು. ಚರ್ಚೆ ನಡೆಯುತ್ತಿರುವಾಗಲೇ ಕೆಲವು ಅನಿಶ್ಚಿತ ಮತದಾರರ ಮೆಚ್ಚುಗೆಯನ್ನು ತೆರೆಯ ಕೆಳಗೆ ಏರಿಳಿಯುವ ಗೆರೆಯಾಗಿ ತೋರಿಸುವ ಪದ್ಧತಿ ಇದೆ. 2010ರ ಪ್ರಧಾನಿ ಅಭ್ಯರ್ಥಿಗಳ ಚರ್ಚೆಯೊಂದನ್ನು ಪ್ರಯೋಗಕ್ಕಾಗಿ ಒಂದು ಗುಂಪಿಗೆ ತೋರಿಸಿದ ಸಂಶೋಧಕರು ಆ ಗೆರೆಯನ್ನು ಬೇಕೆಂದೇ ಒಬ್ಬ ನಾಯಕನ ಪರವಾಗಿ ಬಾಗಿಸಿದರು. ನೋಡಿದವರಿಗೆ ಆ ನಾಯಕನೇ ಗೆದ್ದಂತೆ ಕಂಡಿತು. ಪ್ರಧಾನಿ ಯಾರಾಗಬೇಕೆಂಬ ಅವರ ಇಷ್ಟವೂ ಆ ಕಡೆಗೆ ಸರಿಯಿತು. ತಟಸ್ಥರೆನಿಸಿಕೊಂಡ ಬೆರಳೆಣಿಕೆಯ ಜನರ ಕ್ಷಣಕ್ಷಣದ ಇಷ್ಟಾನಿಷ್ಟ ಉಳಿದವರ ವಿವೇಚನೆಯನ್ನು ನುಂಗುವುದಾದರೆ, ಆ ಗೆರೆಯನ್ನು ತೆರೆಯಿಂದ ತೆಗೆಯುವುದೇ ಸರಿ.

ಹಾಗೆಂದು ಕಣ್ಣಿಗೆ ಕಂಡದ್ದೆಲ್ಲ ಮಾಯೆ ಎನ್ನಲಾಗದು. ಮಾತುಗಾರನ ಶೀಲವೂ ಮನವೊಲಿಸುವ ಒಂದು ಸಾಧನ ಎಂದು ಅರಿಸ್ಟಾಟಲ್ ಒಪ್ಪಿದ್ದ. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ನಡೆದ ಚರ್ಚೆಯನ್ನು ಸುಮಾರು 5 ಕೋಟಿ ಜನ ನೋಡಿದರು. ಜೋ ಬೈಡನ್ ತಡವರಿಸಿದ್ದು, ವಾಕ್ಯದ ನಡುವೆ ದಾರಿ ತಪ್ಪಿದ್ದು ಬರೀ ಮುಖಲಕ್ಷಣದ ಮಾತಾಗಿರಲಿಲ್ಲ; ಇನ್ನು ನಾಲ್ಕು ವರ್ಷ ಆ ಹುದ್ದೆಯನ್ನು ನಿಭಾಯಿಸಬಲ್ಲರೇ ಎಂಬ ನ್ಯಾಯವಾದ ಪ್ರಶ್ನೆಗೆ ಅದು ಸಾಕ್ಷ್ಯವಾಗಿತ್ತು. ಜುಲೈ 21ರಂದು ಅವರು ಕಣದಿಂದ ಹಿಂದೆ ಸರಿದರು. ಹುದ್ದೆಯ ಕೆಲಸಕ್ಕೆ ಸಂಬಂಧಿಸಿದ ಲಕ್ಷಣ ಸಾಕ್ಷ್ಯ, ಸಂಬಂಧಿಸದ್ದು ಆಕರ್ಷಣೆ. ನಿಕ್ಸನ್ನರ ಕಳೆಗುಂದಿದ ಮುಖ ಎರಡನೆಯ ಸಾಲಿಗೆ ಸೇರುತ್ತದೆ.

ಇನ್ನೊಂದು ತಪ್ಪು ಹೆಚ್ಚು ಸೂಕ್ಷ್ಮವಾದದ್ದು. ಇಬ್ಬರೂ ಒಂದಷ್ಟು ಸರಿ, ಇಬ್ಬರೂ ಒಂದಷ್ಟು ತಪ್ಪು ಎಂದು ಹೇಳಿಬಿಟ್ಟರೆ ನಿಷ್ಪಕ್ಷಪಾತಿ ಆದಂತೆ ಎಂಬ ಭಾವನೆ ಸ್ವತಂತ್ರ ಮತದಾರರಲ್ಲಿ ಬಲವಾಗಿದೆ. ಒಬ್ಬರು ನಿಜವನ್ನೂ ಇನ್ನೊಬ್ಬರು ಸುಳ್ಳನ್ನೂ ಹೇಳಿದಾಗ ನಡುವೆ ನಿಂತವನು ಸುಳ್ಳಿಗೆ ಅರ್ಧ ಗೆಲುವು ಕೊಟ್ಟಿರುತ್ತಾನೆ. ನಿಷ್ಪಕ್ಷಪಾತ ಇರಬೇಕಾದದ್ದು ಕೇಳುವುದರಲ್ಲಿ. ತೀರ್ಪು ಒಂದು ಕಡೆಗೆ ವಾಲಲೇಬೇಕಾಗಬಹುದು.

ಸ್ವತಂತ್ರ ಮತದಾರರ ನಿಜವಾದ ಶಕ್ತಿ ಒಮ್ಮೆ ಚೆನ್ನಾಗಿ ಬೆಳಕಿಗೆ ಬಂದದ್ದು 1992ರ ಅಕ್ಟೋಬರ್ 15ರಂದು, ವರ್ಜೀನಿಯಾದ ರಿಚ್ಮಂಡಿನಲ್ಲಿ. ಜಾರ್ಜ್ ಬುಷ್, ಬಿಲ್ ಕ್ಲಿಂಟನ್ ಮತ್ತು ಪಕ್ಷೇತರ ಅಭ್ಯರ್ಥಿ ರಾಸ್ ಪೆರೊ ಅವರಿಗೆ ಅಂದು ಪ್ರಶ್ನೆ ಹಾಕಿದವರು ಇನ್ನೂ ನಿರ್ಧರಿಸದ ಸಾಮಾನ್ಯ ಮತದಾರರು. ವೈಯಕ್ತಿಕ ನಿಂದೆ ಬಿಟ್ಟು ಜನರ ಕಷ್ಟಗಳ ಬಗ್ಗೆ ಮಾತಾಡಿ ಎಂದು ಅವರಲ್ಲೊಬ್ಬರು ನೇರವಾಗಿ ಕೇಳಿದರು. ಆ ಒಂದು ಬೇಡಿಕೆ ಜಲ್ಪವನ್ನು ಸ್ವಲ್ಪ ಹೊತ್ತಾದರೂ ವಾದದ ಕಡೆಗೆ ತಿರುಗಿಸಿತು. ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಬುಷ್ ಕೈಗಡಿಯಾರ ನೋಡಿಕೊಂಡದ್ದು. ಇದು ಖೇದದ ಸಂಗತಿ. ಗೆದ್ದವರು ಯಾರೆಂದು ಘೋಷಿಸುವುದಕ್ಕಿಂತ ಸರಿಯಾದ ಪ್ರಶ್ನೆ ಹಾಕುವುದರಲ್ಲಿ ತಟಸ್ಥರ ಉಪಯೋಗ ದೊಡ್ಡದು.

ಚರ್ಚೆಗಳು ಮತವನ್ನು ಬದಲಿಸುವುದೂ ಅಪರೂಪವೇ. ಸಂಶೋಧಕರಾದ ಕರೋಲಿನ್ ಲ ಪೆನೆಕ್ ಮತ್ತು ವ್ಯಾನ್ಸಾಂ ಪೋನ್ಸ್ 10 ದೇಶಗಳ 62 ಚುನಾವಣೆಗಳನ್ನು ಪರಿಶೀಲಿಸಿ, ಟಿವಿ ಚರ್ಚೆಗಳಿಂದ ಮತದಾರರ ಆಯ್ಕೆಯ ಮೇಲೆ ಗುರುತಿಸಬಹುದಾದ ಪರಿಣಾಮ ಕಾಣುವುದಿಲ್ಲ ಎಂದಿದ್ದಾರೆ. 2024ರ ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಚರ್ಚೆಯನ್ನು ನೋಡಿದವರಲ್ಲಿ ಶೇ 63 ಮಂದಿ ಕಮಲಾ ಹ್ಯಾರಿಸ್ ಗೆದ್ದರೆಂದು ಸಿಎನ್‌ಎನ್ ಸಮೀಕ್ಷೆಗೆ ಹೇಳಿದರು. ನವೆಂಬರಿನ ಚುನಾವಣೆಯಲ್ಲಿ ಗೆದ್ದವರು ಡೊನಾಲ್ಡ್ ಟ್ರಂಪ್. ಯಾರು ಚೆನ್ನಾಗಿ ವಾದಿಸಿದರು ಎಂಬುದು ಒಂದು ಪ್ರಶ್ನೆ, ಯಾರು ಆಳಬೇಕು ಎಂಬುದು ಇನ್ನೊಂದು. ಸ್ವತಂತ್ರ ಮತದಾರ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಾದರೆ, ಚರ್ಚೆಗೆ ಮೊದಲೇ ವಿಷಯ ತಿಳಿದುಕೊಂಡು ಬರಬೇಕು, ತನ್ನ ತೀರ್ಪಿಗೆ ಕಾರಣವನ್ನೂ ಹೇಳಬೇಕು. ಕಾರಣ ಹೇಳದ ತೀರ್ಪಿಗೆ, ಅದು ತಟಸ್ಥನದೇ ಆಗಿರಲಿ, ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.