ಪಾಪಪುಣ್ಯವನ್ನು ವಜಾ ಹಾಕದ ಜೀವನಚರಿತ್ರೆ

ನಮ್ಮೂರು ನಂದಗುಡಿಯವರಿಗೆ ಟಿಪ್ಪು ಸುಲ್ತಾನ್ ದೂರದವನಲ್ಲ. ಅವನು ಹುಟ್ಟಿದ ದೇವನಹಳ್ಳಿ ಪಕ್ಕದ ತಾಲ್ಲೂಕು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಕಂಪನಿಯ ಕಾರ್ನ್‌ವಾಲಿಸನ ಸೇನೆ ದೇವನಹಳ್ಳಿಯ ಕೋಟೆಯನ್ನೂ ನಂದಿದುರ್ಗವನ್ನೂ ಹಿಡಿಯಿತು. ಟಿಪ್ಪುವಿನ ಜೀವನಚರಿತ್ರೆ ಕೊಳ್ಳುವಾಗ ಮಾತ್ರ ನಾವು ಮೊದಲು ನೋಡುವುದು ಬರೆದವರು ಯಾರ ಕಡೆಯವರು ಎಂಬುದನ್ನು. ಕಡೆ ಯಾರಿಗಿಲ್ಲ? ಟಿಪ್ಪುವಿನ ಚರಿತ್ರೆ ಬರೆದ ಕಿರ್ಮಾನಿ ಅವನದೇ ಅರಮನೆಯ ಅನ್ನ ಉಂಡವನು, ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಗೆದ್ದ ಕಂಪನಿಯ ಅಧಿಕಾರಿ. 1811ರಲ್ಲಿ ಅದೇ ಕಂಪನಿಯ ಕರ್ಕ್‌ಪ್ಯಾಟ್ರಿಕ್ ಅಚ್ಚು ಹಾಕಿಸಿದ್ದು ಟಿಪ್ಪುವಿನ ಆಯ್ದ ಪತ್ರಗಳನ್ನು. ಆಯ್ದದ್ದು ಶತ್ರುವಿನ ಕೈ. ನನ್ನ ಪರೀಕ್ಷೆ ಬೇರೆ: ತನ್ನ ವಾದಕ್ಕೆ ಒಗ್ಗದ ದಾಖಲೆಯ ಮುಂದೆ ಲೇಖಕ ಎಷ್ಟು ಹೊತ್ತು ನಿಲ್ಲುತ್ತಾನೆ?

ಉದಾಹರಣೆಗೆ ಎರಡು ಸಂಗತಿ. 1791ರಲ್ಲೇ ಮರಾಠಾ ಸರದಾರ ಪರಶುರಾಮ ಭಾವೂನ ದಂಡಿನ ಸವಾರರು ಶೃಂಗೇರಿ ಮಠವನ್ನು ಸೂರೆ ಮಾಡಿ ಶಾರದೆಯ ವಿಗ್ರಹವನ್ನು ಕಿತ್ತರು. ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆದ, ಮರುಪ್ರತಿಷ್ಠೆಗೆ ಹಣ ಧಾನ್ಯ ಕೊಡಿಸಿದ, ಸಹಸ್ರ ಚಂಡೀ ಜಪ ಮಾಡಿಸಿದ. ಮಠದಲ್ಲೇ ಉಳಿದಿದ್ದ ಆ ಕಾಗದಗಳನ್ನು 1916ರಲ್ಲಿ ಪುರಾತತ್ವಜ್ಞ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಕರಾವಳಿಯ ಕ್ರೈಸ್ತರನ್ನು 1784ರಲ್ಲಿ ಹೆಂಗಸರು ಮಕ್ಕಳೆನ್ನದೆ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಿಸಿದವನೂ ಇವನೇ. ಒಬ್ಬ ಲೇಖಕ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ವಜಾ ಹಾಕುತ್ತಾನೆ. ಇನ್ನೊಬ್ಬ ಅದನ್ನೇ ತಿರುವುಮುರುವು ಮಾಡುತ್ತಾನೆ.

ಮಹಾಭಾರತ ಈ ವಜಾವನ್ನು ಒಪ್ಪುವುದಿಲ್ಲ. ಬದುಕೆಲ್ಲ ಸತ್ಯ ನುಡಿದ ಧರ್ಮರಾಯನೂ ರಣರಂಗದಲ್ಲಿ ದ್ರೋಣರಿಗೆ ಆಡಿದ ಒಂದು ಅರ್ಧಸತ್ಯದ ಮಾತಿಗಾಗಿ ನರಕವನ್ನು ಕಣ್ಣಾರೆ ಕಾಣಬೇಕಾಯಿತು. ಸ್ವರ್ಗವೂ ತಪ್ಪಲಿಲ್ಲ. ಎರಡು ಕರ್ಮ, ಎರಡು ಫಲ. ಟಿಪ್ಪು ನಂಬಿದ ಧರ್ಮದಲ್ಲಿ ಕಡೆಯ ದಿನ ಕರ್ಮಗಳನ್ನು ತೂಗುವ ತಕ್ಕಡಿ ಇದೆ, ನಿಜ. ಆದರೆ ಅದನ್ನು ಹಿಡಿಯುವವನು ದೇವರು, ಚರಿತ್ರೆಕಾರನಲ್ಲ.

ಹಾಗಾದರೆ ಜೀವನಚರಿತ್ರೆ ತೀರ್ಪನ್ನೇ ಕೊಡಬಾರದೆ ಎಂದು ಕೇಳಬಹುದು. ಕೊಡಲೇಬೇಕು, ಒಂದೊಂದು ಕೃತ್ಯಕ್ಕೂ ಬೇರೆಬೇರೆಯಾಗಿ. ಕ್ರೈಸ್ತರ ಸೆರೆಯನ್ನು ಅನ್ಯಾಯವೆನ್ನಲು ಟಿಪ್ಪುವನ್ನು ರಾಕ್ಷಸ ಮಾಡಬೇಕಿಲ್ಲ. ಅದು ಆ ಕಾಲದ ಯುದ್ಧನೀತಿ ಎನ್ನುವವರಿದ್ದಾರೆ. ಸೆರೆಯಾಗಿ ಘಟ್ಟ ಹತ್ತಿದವರೂ ಅದೇ ಕಾಲದವರು, ಅವರ ನೋವು ಇಂದಿನ ಕಲ್ಪನೆಯಲ್ಲ. ಇನ್ನು ಶೃಂಗೇರಿಯ ದಾನ ಬರೀ ರಾಜಕೀಯ ಎಂಬ ಆಕ್ಷೇಪ. ಸೋಲಿನ ಭಯವಿತ್ತು, ಮರಾಠರನ್ನು ಹಳಿಯುವ ಅವಕಾಶವೂ ಇತ್ತು. ಆದರೆ ಯುದ್ಧ ಕೈಮೀರುವಾಗ ದೇವಿಯ ಜಪ ಮಾಡಿಸುವವನಲ್ಲಿ ಲೆಕ್ಕಾಚಾರ ಎಲ್ಲಿ ಮುಗಿದು ನಂಬಿಕೆ ಎಲ್ಲಿ ಶುರುವಾಯಿತೆಂದು ಹೊರಗಿನವರು ಗೆರೆ ಎಳೆಯಲಾರರು. ಎಳೆದೇ ತೀರುತ್ತೇನೆನ್ನುವ ಪುಸ್ತಕವನ್ನು ನಾನು ಕೊಳ್ಳುವುದಿಲ್ಲ, ಅದು ಯಾವ ಕಡೆಯದಾದರೂ ಸರಿ.